ಮನೆ ಮಾರಿ ವಚನ ಉಳಿಸಿದ ಶರಣ: ಫ.ಗು. ಹಳಕಟ್ಟಿಯವರ ಬದುಕು ಕಲಿಸುವ ಧೈರ್ಯ





ಹೊಸದೊಂದು ಸಂಕಷ್ಟ ಎದುರಾದಾಗ ಮನುಷ್ಯನು ಮೊದಲು ನೋಡುವುದು, ತನಗಿಂತ ಮುಂಚೆ ಈ ದಾರಿಯಲ್ಲಿ ಯಾರಾದರೂ ನಡೆದಿದ್ದಾರೆಯೇ ಎಂಬುದನ್ನು. ನಡೆದವರಿದ್ದರೆ ಅವರ ಹೆಜ್ಜೆಯ ಗುರುತು ಹಿಡಿದು ಸಾಗಬಹುದು. ಯಾರೂ ನಡೆಯದ ದಾರಿಯಾದರೆ ಎದೆ ಅಳುಕುತ್ತದೆ. ಐನಾಪುರ, ಉಗಾರ, ಕಾಗವಾಡ, ಅಥಣಿಯ ಸುತ್ತಲಿನ ಊರುಗಳಿಂದ ಬರುವ ಭಕ್ತರ ಮಾತುಗಳಲ್ಲಿ ಈ ಅಳುಕನ್ನು ನಾವು ಬಹಳ ಸಲ ಕೇಳಿದ್ದೇವೆ. ಕೃಷ್ಣೆಯ ಮಹಾಪೂರದಲ್ಲಿ ಬೆಳೆ ಕಳೆದುಕೊಂಡು ಮತ್ತೆ ಬಿತ್ತಬೇಕಾದ ರೈತನಿಗೆ ಅದು ಇದೆ. ಭಾಷೆ ತಿಳಿಯದ ದೂರದ ನಗರಕ್ಕೆ ಕೆಲಸ ಅರಸಿ ಹೊರಟ ಯುವಕನಿಗೆ ಇದೆ. ಮನೆತನದಲ್ಲಿಯೇ ಮೊದಲಿಗಳಾಗಿ ಕಾಲೇಜಿನ ಮೆಟ್ಟಿಲು ಹತ್ತುವ ಹೆಣ್ಣುಮಗಳಿಗೂ ಇದೆ. ಶಿವನಲ್ಲಿ ನಂಬಿಕೆಯಿಡು ಎಂದು ಅವರಿಗೆ ಹೇಳುವುದು ಸುಲಭ. ನಂಬಿಕೆಯು ಧೈರ್ಯವಾಗಿ ಮಾರ್ಪಡುವುದು ಹೇಗೆ ಎಂಬುದನ್ನು ತಿಳಿಸುವುದು ಅಷ್ಟು ಸುಲಭವಲ್ಲ.

ಆದುದರಿಂದ ಬರಿಯ ಉಪದೇಶಕ್ಕಿಂತ ಒಂದು ಬದುಕನ್ನು ಭಕ್ತರ ಮುಂದಿರಿಸುವುದು ಲೇಸೆಂದು ನಾವು ಬಗೆದಿದ್ದೇವೆ. ಆ ಬದುಕು ವಚನ ಪಿತಾಮಹರೆಂದು ನಾಡು ಗೌರವಿಸುವ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರದು. ಅವರು ಮಠಾಧಿಪತಿಗಳಾಗಿರಲಿಲ್ಲ, ಪವಾಡಪುರುಷರೂ ಆಗಿರಲಿಲ್ಲ. ವಕೀಲಿ ಮಾಡಿ ಸಂಸಾರ ನಡೆಸುತ್ತಿದ್ದ ಗೃಹಸ್ಥರು. ಅವರ ನಿಷ್ಠೆಯ ಫಲವಾಗಿಯೇ ಇಂದು ಬಸವಣ್ಣನವರ, ಅಲ್ಲಮಪ್ರಭುಗಳ, ಅಕ್ಕಮಹಾದೇವಿಯವರ ವಚನಗಳು ನಮ್ಮ ಮನೆಮನೆಗಳಲ್ಲಿ ಪುಸ್ತಕರೂಪದಲ್ಲಿ ಇವೆ.

ಪೂಜೆಗೊಳ್ಳುತ್ತಿದ್ದವು, ಓದಿಗೆ ದೂರವಾಗಿದ್ದವು

ಹಳಕಟ್ಟಿಯವರು ಮಾಡಿದ್ದು ಏನೆಂಬುದು ತಿಳಿಯಬೇಕಾದರೆ ಅಂದಿನ ಸ್ಥಿತಿಯನ್ನು ಅರಿಯಬೇಕು. 12ನೆಯ ಶತಮಾನದಲ್ಲಿ ಕಲ್ಯಾಣದಲ್ಲಿ ಶರಣರು ನುಡಿದ ಅನುಭಾವದ ಮಾತುಗಳು ಅಲ್ಲಿನ ವಿಪ್ಲವದ ಬಳಿಕ ನಾಡಿನ ಮೂಲೆಮೂಲೆಗಳಿಗೆ ಚದುರಿಹೋದವು. ವಿಜಯನಗರದ ಪ್ರೌಢದೇವರಾಯನ ಕಾಲದಲ್ಲಿ, 15ನೆಯ ಶತಮಾನದಲ್ಲಿ, ವಿರಕ್ತರು ಅವುಗಳನ್ನು ಮತ್ತೆ ಕೂಡಿಸಿ, ಸ್ಥಲಗಳಿಗನುಗುಣವಾಗಿ ಜೋಡಿಸಿ, ಟೀಕೆಗಳನ್ನು ಬರೆದರು. ಶೂನ್ಯಸಂಪಾದನೆಯಂತಹ ಮಹಾಗ್ರಂಥಗಳು ಹುಟ್ಟಿದ್ದು ಆ ಪರಂಪರೆಯಿಂದಲೇ. ಆದರೆ ಮುಂದಿನ ಶತಮಾನಗಳಲ್ಲಿ ಆ ಓದಿನ ಹರಿವು ಕ್ಷೀಣಿಸುತ್ತ ಬಂದಿತು.

ತಾಡೋಲೆಯ ಕಟ್ಟುಗಳು ಮಠಗಳಲ್ಲಿಯೂ ಭಕ್ತರ ಮನೆಗಳಲ್ಲಿಯೂ ಉಳಿದಿದ್ದವು. ದೇವರ ಜಗಲಿಯ ಮೇಲೆ ವಸ್ತ್ರದಲ್ಲಿ ಸುತ್ತಿ ಇರಿಸಿ, ಹಬ್ಬದ ದಿನ ವಿಭೂತಿ ಧರಿಸಿ, ಪತ್ರಿ ಏರಿಸಿ ಪೂಜಿಸುತ್ತಿದ್ದರು. ಆ ಭಕ್ತಿಯನ್ನು ನಾವು ಹಗುರವಾಗಿ ಕಾಣಬಾರದು. ಅದಿರದಿದ್ದರೆ ಕಟ್ಟುಗಳೇ ಉಳಿಯುತ್ತಿರಲಿಲ್ಲ. ಆದರೂ ಕಟ್ಟನ್ನು ಬಿಚ್ಚಿ ಓದಬಲ್ಲವರು ತಲೆಮಾರಿನಿಂದ ತಲೆಮಾರಿಗೆ ಕಡಿಮೆಯಾಗುತ್ತಿದ್ದರು. ಹುಳು, ತೇವ, ಹೊಗೆ, ಬೆಂಕಿ ತಮ್ಮ ಕೆಲಸವನ್ನು ನಿಲ್ಲಿಸಿರಲಿಲ್ಲ. ಒಂದು ಓಲೆ ಪುಡಿಯಾದರೆ ಒಬ್ಬ ಶರಣನ ಹೆಸರೇ ಲೋಕದಿಂದ ಅಳಿಸಿಹೋಗುವ ಸಂಭವವಿತ್ತು. ಹಳಕಟ್ಟಿಯವರು ಕೆಲಸಕ್ಕೆ ತೊಡಗಿದಾಗ ವಿದ್ವಾಂಸರಿಗೆ ತಿಳಿದಿದ್ದ ವಚನಕಾರರ ಹೆಸರುಗಳು 50ರ ಆಸುಪಾಸಿನಲ್ಲಿದ್ದವು. ಅಚ್ಚಾಗಿದ್ದ ವಚನಗಳು ಬಹಳ ಸ್ವಲ್ಪ.

ಧಾರವಾಡದಿಂದ ಮುಂಬಯಿಗೆ

ಫಕೀರಪ್ಪನವರು ಹುಟ್ಟಿದ್ದು ಧಾರವಾಡದಲ್ಲಿ, 1880ರ ಜುಲೈ 2ರಂದು. ತಂದೆ ಗುರುಬಸಪ್ಪನವರು ಶಿಕ್ಷಕರು. ಬೇರೆ ಬೇರೆ ದೇಶಗಳ ಚರಿತ್ರೆಯನ್ನು ಕನ್ನಡದಲ್ಲಿ ಬರೆದವರು. ತಾಯಿ ದಾನಮ್ಮನವರು ಮಗನು ಇನ್ನೂ ಚಿಕ್ಕವನಿರುವಾಗಲೇ ಲಿಂಗೈಕ್ಯರಾದರು. ತಾಯಿಯಿಲ್ಲದ ಮಗುವನ್ನು ಅಜ್ಜಿ ಸಾಕಿದರು. ಪುಸ್ತಕಗಳ ನಡುವೆ ಬಾಳುತ್ತಿದ್ದ ತಂದೆ, ಪುರಾಣಪುಣ್ಯಕಥೆಗಳನ್ನು ನಂಬಿ ನಡೆಯುತ್ತಿದ್ದ ಹಿರಿಯರು, ಈ ಎರಡರ ನಡುವೆ ಬಾಲಕನ ಮನಸ್ಸು ರೂಪುಗೊಂಡಿತು.

ಆಗ ಉತ್ತರ ಕರ್ನಾಟಕದ ಬಹುಭಾಗ ಮುಂಬಯಿ ಇಲಾಖೆಯಲ್ಲಿಯೂ ಹಲವು ಚಿಕ್ಕಪುಟ್ಟ ಸಂಸ್ಥಾನಗಳಲ್ಲಿಯೂ ಹಂಚಿಹೋಗಿತ್ತು. ನಮ್ಮ ಈ ಗಡಿನಾಡಿನ ಹಿರಿಯರಿಗೆ ಆ ಕಾಲದ ನೆನಪು ಬಾಯಿಂದ ಬಾಯಿಗೆ ಬಂದಿರುತ್ತದೆ. ಕಚೇರಿ, ಶಾಲೆ, ವ್ಯಾಪಾರಗಳಲ್ಲಿ ಮರಾಠಿಗೆ ಮನ್ನಣೆ. ಕನ್ನಡವು ಮನೆಯ ಮಾತಾಗಿ ಉಳಿದಿತ್ತು. ಹೆಚ್ಚಿನ ವಿದ್ಯೆ ಬೇಕಾದವರು ಮುಂಬಯಿಗೋ ಪುಣೆಗೋ ಹೋಗಬೇಕಾಗಿತ್ತು. ಧಾರವಾಡದಲ್ಲಿ ಮೆಟ್ರಿಕ್ ಮುಗಿಸಿದ ಫಕೀರಪ್ಪನವರು ಮುಂಬಯಿಯ ಸೇಂಟ್ ಝೇವಿಯರ್ ಕಾಲೇಜು ಸೇರಿದರು. ಅಲ್ಲಿ ಗುಜರಾತಿಗಳೂ ಮರಾಠಿಗರೂ ತಮ್ಮ ನುಡಿಯ ಬಗೆಗೆ, ತಮ್ಮ ಸಂತರ ಬಗೆಗೆ ಹೊಂದಿದ್ದ ಅಭಿಮಾನವನ್ನು ಕಣ್ಣಾರೆ ಕಂಡರು. ತುಕಾರಾಮರ ಅಭಂಗಗಳು ಅಚ್ಚಾಗಿ ಮನೆಮನೆಗೆ ತಲುಪಿದ್ದ ಕಾಲವದು. ನಮ್ಮ ಶರಣರ ಮಾತುಗಳೇಕೆ ಇನ್ನೂ ಕತ್ತಲಲ್ಲಿವೆ ಎಂಬ ಕೊರಗು ಅಂದಿನ ಕನ್ನಡ ತರುಣರನ್ನು ಕಾಡಿದುದು ಸಹಜ. ಅನ್ಯರನ್ನು ಕಂಡು ಕರುಬುವವರು ಬಹಳ. ತನ್ನ ಮನೆಯ ನಿಧಿಯನ್ನು ತಾನು ಹುಡುಕಬೇಕೆಂದು ಎದ್ದು ನಿಲ್ಲುವವರು ವಿರಳ. ಹಳಕಟ್ಟಿಯವರು ಆ ವಿರಳರಲ್ಲಿ ಒಬ್ಬರಾದರು.

1901ರಲ್ಲಿ ಬಿ.ಎ. ಪದವಿಯನ್ನೂ 1904ರಲ್ಲಿ ಕಾನೂನು ಪದವಿಯನ್ನೂ ಪಡೆದು ಮರಳಿದ ಅವರು ಕೆಲಕಾಲ ಬೆಳಗಾವಿಯಲ್ಲಿದ್ದು, ಬಳಿಕ ವಿಜಾಪುರದಲ್ಲಿ ವಕೀಲಿ ವೃತ್ತಿಯನ್ನು ಆರಂಭಿಸಿದರು. ಇಂಗ್ಲಿಷ್ ಬಲ್ಲ ವಕೀಲರಿಗೆ ಆಗ ಹಣಕ್ಕೂ ಮಾನಕ್ಕೂ ಕೊರತೆಯಿರಲಿಲ್ಲ. ನೆಮ್ಮದಿಯ ದಾರಿ ಅವರ ಮುಂದೆ ತೆರೆದೇ ಇತ್ತು.

ಬನಹಟ್ಟಿಯ ಓಲೆಗಳು

ಅವರ ಧರ್ಮಪತ್ನಿ ಭಾಗೀರಥಿಯವರ ತವರು ಬನಹಟ್ಟಿ. ಮಾವನವರಾದ ತಮ್ಮಣ್ಣಪ್ಪ ಚಿಕ್ಕೋಡಿಯವರೂ ವಕೀಲರು. ನಮ್ಮ ಸೀಮೆಯನ್ನು ಹಾದು ಕೆಳಗೆ ಹರಿಯುವ ಕೃಷ್ಣೆಯ ಬಳಿಯಲ್ಲಿಯೇ ರಬಕವಿ, ಬನಹಟ್ಟಿಗಳು ಇವೆ, ನೇಕಾರರ ಊರುಗಳವು. 20ನೆಯ ಶತಮಾನದ ಆರಂಭದ ವರ್ಷಗಳಲ್ಲಿ ಬನಹಟ್ಟಿಯ ಮಂಚಾಲೆ ಮನೆತನದವರಲ್ಲಿದ್ದ ತಾಡೋಲೆಯ ಕಟ್ಟುಗಳು ಹಳಕಟ್ಟಿಯವರ ಕಣ್ಣಿಗೆ ಬಿದ್ದವು. ಅವುಗಳಲ್ಲಿ ಷಟ್‌ಸ್ಥಲ ತಿಲಕ, ಪ್ರಭುದೇವರ ವಚನಗಳು ಇದ್ದವು.

ಓದುತ್ತ ಹೋದಂತೆ ಅವರಿಗೆ ತಾವು ಕೈಯಲ್ಲಿ ಹಿಡಿದಿರುವುದು ಏನೆಂಬುದು ತಿಳಿಯಿತು. ಸಾಮಾನ್ಯ ಜನರ ಮಾತಿನಲ್ಲಿಯೇ ಪರತತ್ತ್ವವನ್ನು ಅರುಹಿದ, ಕಾಯಕದ ಜನರೇ ಶಾಸ್ತ್ರಕಾರರಾದ ಇಂಥ ಸಾಹಿತ್ಯ ಜಗತ್ತಿನಲ್ಲಿ ವಿರಳವೆಂಬ ಅರಿವು ಮೂಡಿತು. ಅಂಬಿಗ, ಮಡಿವಾಳ, ಸಮಗಾರ, ನೇಕಾರ, ಸೂಳೆವೃತ್ತಿಯಿಂದ ಹೊರಬಂದ ಪುಣ್ಯಸ್ತ್ರೀ, ಇವರೆಲ್ಲರೂ ಬಸವಣ್ಣನವರ ಸಮಸಮಕ್ಕೆ ಕುಳಿತು ಮಾತನಾಡಿದ ಮಹಾಮನೆಯ ಬಾಗಿಲು ತಮ್ಮ ಮುಂದೆ ತೆರೆದಂತೆ ಅವರಿಗೆ ತೋರಿರಬೇಕು. ಇದು ಕಟ್ಟಿನಲ್ಲಿ ಮುಚ್ಚಿರತಕ್ಕ ವಸ್ತುವಲ್ಲ, ಲೋಕಕ್ಕೆ ಸಲ್ಲಬೇಕಾದುದು ಎಂಬ ನಿಶ್ಚಯ ಅಲ್ಲಿಂದ ಬೆಳೆಯಿತು. ಮುಂದಿನ ಸುಮಾರು 60 ವರ್ಷ ಆ ನಿಶ್ಚಯವೇ ಅವರ ಬದುಕಾಯಿತು.

ಓಲೆ ಓದುವ ತಪಸ್ಸು

ಅವರ ಮುಂದಿದ್ದ ಮೊದಲನೆಯ ಸವಾಲು ಕಟ್ಟುಗಳನ್ನು ಪಡೆಯುವುದು. ತಲೆತಲಾಂತರದಿಂದ ಪೂಜಿಸಿಕೊಂಡು ಬಂದುದನ್ನು ಕೋಟು ತೊಟ್ಟು ಬಂದ ವಕೀಲರ ಕೈಗೆ ಯಾರು ಕೊಡುತ್ತಾರೆ? ಕೊಟ್ಟರೆ ಮನೆಗೆ ಕೇಡಾದೀತೆಂದು ಹಿಂಜರಿದವರಿದ್ದರು. ಬಂದವನು ಇವುಗಳನ್ನು ಮಾರಿಕೊಂಡಾನೆಂದು ಸಂಶಯಪಟ್ಟವರಿದ್ದಿರಬಹುದು. ಹಳಕಟ್ಟಿಯವರಿಗೆ ಇದ್ದ ಬಂಡವಾಳ ತಾಳ್ಮೆಯೊಂದೇ. ಕೋರ್ಟಿನ ಬಿಡುವಿನಲ್ಲಿ ಊರಿಂದ ಊರಿಗೆ, ಮಠದಿಂದ ಮಠಕ್ಕೆ ಅಲೆದರು. ಒಂದೊಂದಾಗಿ ನೂರಾರು ಕಟ್ಟುಗಳು ಅವರ ಬಳಿ ಕೂಡಿದವು.

ಎರಡನೆಯದು ಓದುವುದು. ತಾಡೋಲೆಯ ಮೇಲೆ ಅಕ್ಷರಗಳನ್ನು ಕಬ್ಬಿಣದ ಮೊನೆಯಿಂದ ಕೊರೆದಿರುತ್ತಾರೆ. ಕೊರೆದ ಗೆರೆಗೆ ಕಾಡಿಗೆ ತುಂಬಿದರೆ ಮಾತ್ರ ಅಕ್ಷರ ಎದ್ದು ಕಾಣುತ್ತದೆ. ಪದಕ್ಕೂ ಪದಕ್ಕೂ ನಡುವೆ ಜಾಗವಿಲ್ಲ. ವಾಕ್ಯ ಎಲ್ಲಿ ಮುಗಿಯಿತೆಂಬ ಗುರುತಿಲ್ಲ. ಒಂದು ವಚನ ಮುಗಿದು ಇನ್ನೊಂದು ಆರಂಭವಾದುದೂ ಒಮ್ಮೊಮ್ಮೆ ತಿಳಿಯುವುದಿಲ್ಲ. ಲಿಪಿಕಾರನ ಕೈತಪ್ಪು ಬೇರೆ. ಹುಳು ತಿಂದ ಕಡೆ ಅಕ್ಷರದ ಬದಲು ರಂಧ್ರ. ಇವುಗಳನ್ನು ಓದಲು ಕಲಿಸುವ ಶಾಲೆ ಅಂದು ಇರಲಿಲ್ಲ. ಅವರು ಕಾನೂನು ಓದಿದವರೇ ಹೊರತು ಹಸ್ತಪ್ರತಿಶಾಸ್ತ್ರ ಕಲಿತವರಲ್ಲ. ಓಲೆಗಳನ್ನೇ ಗುರುವಾಗಿ ಮಾಡಿಕೊಂಡು ಕಲಿತರು.

ಮೂರನೆಯದು ನಿರ್ಣಯಿಸುವುದು. ಒಂದೇ ವಚನ ನಾಲ್ಕು ಕಟ್ಟುಗಳಲ್ಲಿ ನಾಲ್ಕು ಬಗೆಯಾಗಿ ಇರುತ್ತದೆ. ಯಾವ ಪಾಠ ಸರಿ? ಇದು ಯಾರ ವಚನ? ಪ್ರತಿಯೊಬ್ಬ ಶರಣರೂ ತಮ್ಮ ಇಷ್ಟದೈವದ ಹೆಸರನ್ನು ವಚನದ ಕೊನೆಯಲ್ಲಿ ಅಂಕಿತವಾಗಿ ಇರಿಸುತ್ತಿದ್ದುದು ಇಲ್ಲಿ ನೆರವಾಯಿತು. ಕೂಡಲಸಂಗಮದೇವ ಎಂದಿದ್ದರೆ ಬಸವಣ್ಣನವರದು, ಗುಹೇಶ್ವರ ಎಂದಿದ್ದರೆ ಅಲ್ಲಮರದು, ಚೆನ್ನಮಲ್ಲಿಕಾರ್ಜುನ ಎಂದಿದ್ದರೆ ಅಕ್ಕನದು ಎಂಬುದು ಇಂದು ಶಾಲೆಯ ಮಕ್ಕಳಿಗೂ ಗೊತ್ತು. ಆದರೆ ಕೇಳಿಯೇ ಇರದ ಅಂಕಿತವೊಂದು ಎದುರಾದಾಗ ಅದರ ಹಿಂದಿನ ಶರಣರು ಯಾರು, ಅವರ ಕಾಯಕ ಯಾವುದು ಎಂದು ಪುರಾಣಗಳಲ್ಲಿ, ಸ್ತೋತ್ರಗಳಲ್ಲಿ ಹುಡುಕಿ ಹೊಂದಿಸಬೇಕಿತ್ತು. ಹೀಗೆ ಹುಡುಕುತ್ತ ಹೋದಂತೆ 50ರಷ್ಟಿದ್ದ ವಚನಕಾರರ ಸಂಖ್ಯೆ 250ರವರೆಗೆ ಬೆಳೆಯಿತು. ಎಂಟು ಶತಮಾನಗಳ ಮರೆವಿನಿಂದ ಒಬ್ಬೊಬ್ಬರೇ ಶರಣರು, ಶರಣೆಯರು ಹೆಸರು ಹಿಡಿದು ಎದ್ದು ಬಂದರು.

ಈ ಕೆಲಸ ನಡೆದದ್ದು ಹಗಲು ವಕೀಲಿ ಮಾಡಿ ಬಂದ ಮೇಲೆ, ದೀಪದ ಬೆಳಕಿನಲ್ಲಿ. ನೋಡುವವರಿಲ್ಲ, ಹೊಗಳುವವರಿಲ್ಲ. ಮುಗಿಯುತ್ತದೆಂಬ ಭರವಸೆಯೂ ಇಲ್ಲ. ರಣರಂಗದ ಧೈರ್ಯಕ್ಕೆ ಎಲ್ಲರ ಕಣ್ಣಿನ ಬೆಂಬಲವಿರುತ್ತದೆ. ರಾತ್ರಿ ಒಬ್ಬನೇ ಕುಳಿತು ಹುಳು ತಿಂದ ಓಲೆಯ ಮುಂದೆ ಸೋಲೊಪ್ಪದೆ ಇರುವ ಧೈರ್ಯಕ್ಕೆ ಒಳಗಿನ ನಂಬಿಕೆಯ ಹೊರತು ಬೇರೆ ಆಸರೆಯಿಲ್ಲ. ಶರಣರ ಮಾತು ಸತ್ಯ, ಸತ್ಯವು ಜನರನ್ನು ತಲುಪಲೇಬೇಕು, ಅದಕ್ಕೆ ತಾನೊಂದು ನಿಮಿತ್ತ ಎಂಬ ನಂಬಿಕೆ ಅವರದಾಗಿತ್ತೆಂದು ಅವರ ನಡೆಯಿಂದ ನಾವು ಅರಿಯಬಹುದು.

ಹಿಂದಿರುಗಿ ಬಂದ ಹಸ್ತಪ್ರತಿ

ವರ್ಷಗಳ ದುಡಿಮೆಯ ಫಲವಾಗಿ ವಚನಶಾಸ್ತ್ರಸಾರ ಎಂಬ ಗ್ರಂಥ ಸಿದ್ಧವಾಯಿತು. ವಚನಗಳನ್ನು ವಿಷಯಗಳಿಗನುಗುಣವಾಗಿ ಜೋಡಿಸಿ, ಶರಣಧರ್ಮದ ಸ್ವರೂಪವನ್ನು ಓದುಗರಿಗೆ ಮನವರಿಕೆ ಮಾಡಿಕೊಡುವ ಗ್ರಂಥವದು. ಆ ಕಾಲದಲ್ಲಿ ಕನ್ನಡದ ಅಚ್ಚುಕೆಲಸಕ್ಕೆ ಹೆಸರಾಗಿದ್ದುದು ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯ. ಹಳಕಟ್ಟಿಯವರು ಹಸ್ತಪ್ರತಿಯನ್ನು ಅಲ್ಲಿಗೆ ಕಳುಹಿಸಿದರು. ಅದು ಅಚ್ಚಾಗದೆ ಹಿಂದಿರುಗಿ ಬಂದಿತು.

ಆ ದಿನದ ಅವರ ಮನಸ್ಸನ್ನು ಊಹಿಸಿಕೊಳ್ಳಬೇಕು. ಬೇರೆಯವರಾಗಿದ್ದರೆ ದೈವಸಂಕಲ್ಪ ಇಷ್ಟೇ ಎಂದು ಕಟ್ಟನ್ನು ಮತ್ತೆ ಜಗಲಿಯ ಮೇಲೆ ಇಟ್ಟು ಕೈಮುಗಿಯುತ್ತಿದ್ದರೇನೋ. ನಂಬಿಕೆಯ ಹೆಸರಿನಲ್ಲಿ ಕೈಚೆಲ್ಲುವುದು ನಮ್ಮಲ್ಲಿ ಅಪರೂಪವಲ್ಲ. ಹಳಕಟ್ಟಿಯವರ ನಂಬಿಕೆ ಆ ಬಗೆಯದಲ್ಲ. ಒಂದು ಬಾಗಿಲು ಮುಚ್ಚಿತೆಂದರೆ ಇನ್ನೊಂದನ್ನು ತಟ್ಟಬೇಕೆಂಬುದೇ ಅವರು ಅದರಿಂದ ತಿಳಿದ ಅರ್ಥ. ಅವರು ಬೆಳಗಾವಿಯ ಮಹಾವೀರ ಮುದ್ರಣಾಲಯದತ್ತ ತಿರುಗಿದರು. 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗ ಅಲ್ಲಿ ಅಚ್ಚಾಗಿ ಹೊರಬಂದಿತು. ಅವರಿಗೆ ಆಗ 43 ವರ್ಷ.

ಇಲ್ಲಿ ಒಂದು ಮಾತನ್ನು ನಮ್ಮ ಸೀಮೆಯ ಭಕ್ತರು ವಿಶೇಷವಾಗಿ ನೆನಪಿಡಬೇಕು. ಮಹಾವೀರರ ಹೆಸರು ಹೊತ್ತ ಆ ಮುದ್ರಣಾಲಯ ಜೈನ ಬಂಧುಗಳದು. ಬಸವಾದಿ ಶರಣರ ವಚನಗಳು ಗ್ರಂಥರೂಪದಲ್ಲಿ ನಾಡಿಗೆ ತಲುಪುವಲ್ಲಿ ಜೈನರ ಕೈಯೂ ಸೇರಿದೆ. ಐನಾಪುರ, ಉಗಾರ, ಶೇಡಬಾಳ, ಕಾಗವಾಡಗಳಲ್ಲಿ ಲಿಂಗಾಯತರೂ ಜೈನರೂ ಒಂದೇ ಓಣಿಯಲ್ಲಿ, ಒಂದೇ ಕಾಲುವೆಯ ನೀರಿನಲ್ಲಿ ಬಾಳುತ್ತ ಬಂದವರು. ಕಷ್ಟಕಾಲದಲ್ಲಿ ಶಿವನು ಯಾರ ಕೈಯಿಂದ ನೆರವು ಕಳುಹಿಸುತ್ತಾನೆಂಬುದನ್ನು ಮೊದಲೇ ಹೇಳಲಾಗದು. ಧೈರ್ಯವುಳ್ಳವನು ಯಾರಲ್ಲಿಯೂ ನೆರವು ಕೇಳಲು ನಾಚುವುದಿಲ್ಲ. ಯಾರ ನೆರವನ್ನೂ ಮರೆಯುವುದಿಲ್ಲ.

ಮನೆ ಹೋಯಿತು, ಮುದ್ರಣಾಲಯ ಬಂದಿತು

ಒಂದು ಪುಸ್ತಕ ಹೊರಬಂದಿತು. ಇನ್ನೂ ಸಾವಿರಾರು ವಚನಗಳು, ಹರಿಹರನ ರಗಳೆಗಳು, ಶರಣರ ಚರಿತ್ರೆಗಳು ಅಚ್ಚಿಗಾಗಿ ಕಾಯುತ್ತಿದ್ದವು. ಪ್ರತಿಸಲವೂ ದೂರದ ಊರಿನ ಮುದ್ರಕರನ್ನು ಅವಲಂಬಿಸಿದರೆ ಈ ಜನ್ಮದಲ್ಲಿ ಕೆಲಸ ಮುಗಿಯದೆಂಬುದು ಅವರಿಗೆ ಸ್ಪಷ್ಟವಾಯಿತು. ಸ್ವಂತ ಮುದ್ರಣಾಲಯ ಬೇಕು. ಅದಕ್ಕೆ ಹಣ ಬೇಕು. ವಿಜಾಪುರದಲ್ಲಿದ್ದ ತಮ್ಮ ಮನೆಯನ್ನು ಮಾರಿ 1925ರಲ್ಲಿ ಅವರು ಹಿತಚಿಂತಕ ಮುದ್ರಣಾಲಯವನ್ನು ತೆರೆದರು.

ಈ ವಾಕ್ಯವನ್ನು ಓದುವುದು ಸುಲಭ. ಸಂಸಾರಸ್ಥರಾದ ನಮ್ಮ ಭಕ್ತರಿಗೆ ಮನೆಯೆಂದರೆ ಏನೆಂಬುದು ಗೊತ್ತು. ವರ್ಷಾನುಗಟ್ಟಲೆ ಕೂಡಿಟ್ಟು ಕಟ್ಟಿಸಿದ್ದು, ಮಕ್ಕಳಿಗೆ ಬಿಟ್ಟುಹೋಗಬೇಕೆಂದು ಎಣಿಸಿದ್ದು, ನಾಲ್ಕು ಜನರ ನಡುವೆ ತಲೆಯೆತ್ತಿ ನಿಲ್ಲಲು ಆಧಾರವಾದದ್ದು. ಅದನ್ನು ಅವರು ಸೀಸದ ಅಚ್ಚುಮೊಳೆಗಳಿಗಾಗಿ, ಯಂತ್ರಕ್ಕಾಗಿ, ಕಾಗದಕ್ಕಾಗಿ ಕೊಟ್ಟರು. ಅಂಥ ನಿರ್ಧಾರದ ಭಾರ ಯಜಮಾನನೊಬ್ಬನ ಮೇಲೆಯೇ ಬೀಳುವುದಿಲ್ಲ. ಬಾಡಿಗೆಯ ಮನೆಯಲ್ಲಿ ಸಂಸಾರ ತೂಗಿಸಿದ ಭಾಗೀರಥಿಯವರ ಹೆಸರನ್ನು, ಕೊರತೆಯನ್ನು ಹಂಚಿಕೊಂಡ ಮಕ್ಕಳ ಬಾಲ್ಯವನ್ನು ನಾವು ಮರೆಯಲಾಗದು. ವಚನಗಳನ್ನು ಉಳಿಸಿದ ಪುಣ್ಯದಲ್ಲಿ ಆ ಮನೆಯವರೆಲ್ಲರಿಗೂ ಪಾಲಿದೆ.

1926ರಲ್ಲಿ ಶಿವಾನುಭವ ಪತ್ರಿಕೆ ಆರಂಭವಾಯಿತು. ಮರುವರ್ಷ ನವಕರ್ನಾಟಕ ವಾರಪತ್ರಿಕೆ. ಶಿವಾನುಭವವನ್ನು ಅವರು ಮೂರು ದಶಕಗಳಿಗೂ ಮೀರಿ ನಡೆಸಿದರು. ತಾವೇ ಓಲೆ ಓದಿ, ತಾವೇ ಪ್ರತಿಮಾಡಿ, ತಾವೇ ಕರಡು ತಿದ್ದಿ ಸಂಚಿಕೆಗಳನ್ನು ಹೊರತಂದರು. ಚಂದಾದಾರರು ಬಹಳವಿರಲಿಲ್ಲ, ಕೈಯಿಂದ ಹಾಕಿದ ಹಣ ಮರಳಿ ಬರುತ್ತಿರಲಿಲ್ಲ. ವಚನದ ಕೆಲಸ ಹೆಚ್ಚಿದಷ್ಟೂ ವಕೀಲಿಯ ಗಳಿಕೆ ಕಡಿಮೆಯಾಗುತ್ತ ಹೋಯಿತು. ಮುಂಬಯಿಯಲ್ಲಿ ಓದಿ ಬಂದ ವಕೀಲರು ಹಳೆಯ ಕೋಟಿನಲ್ಲಿಯೇ ಓಡಾಡುತ್ತಿದ್ದುದನ್ನು ಕಂಡವರು ಮುಂದೆಯೂ ನೆನೆಯುತ್ತಿದ್ದರು. ಬಡತನ ಅವರನ್ನು ಬಾಧಿಸಿತು. ಅವರ ಗುರಿಯನ್ನು ಬದಲಿಸಲಿಲ್ಲ. ಶಿವಾನುಭವದ ಮೂಲಕ ಹರಿಹರನ ರಗಳೆಗಳು ಬೆಳಕು ಕಂಡವು; ಶೂನ್ಯಸಂಪಾದನೆ ಅಚ್ಚಾಯಿತು; ಒಬ್ಬೊಬ್ಬ ಶರಣರ ವಚನಗಳೂ ಪ್ರತ್ಯೇಕ ಪುಸ್ತಕಗಳಾದವು. ವಚನಗಳನ್ನು ಅವರು ಇಂಗ್ಲಿಷಿಗೂ ಅನುವಾದಿಸಿದರು.

ದಾಸೋಹದ ಇನ್ನೊಂದು ಮುಖ

ವಚನಗಳನ್ನು ಸಂಪಾದಿಸಿದವರು ಬರಿಯ ಗ್ರಂಥಪಂಡಿತರಾಗಿದ್ದರೆಂದು ತಿಳಿಯಬಾರದು. ಕಾಯಕ, ದಾಸೋಹಗಳನ್ನು ಬೋಧಿಸಿದ ಶರಣರನ್ನು ಓದುತ್ತ ಕುಳಿತು ಪಕ್ಕದ ಮನೆಯ ಹಸಿವನ್ನು ಕಾಣದಿರುವುದು ಅವರಿಂದ ಸಾಧ್ಯವಿರಲಿಲ್ಲ. ವಿಜಾಪುರ ಸೀಮೆ ಮಳೆಯ ಕೊರತೆಗೆ ಹೆಸರಾದುದು. ಅವರು ಹುಟ್ಟುವ ಸ್ವಲ್ಪ ಮೊದಲು, 1876ರಿಂದ 1878ರವರೆಗೆ ಬಿದ್ದ ಘೋರ ಬರದಲ್ಲಿ ಆ ಭಾಗದ ಹಳ್ಳಿಗಳು ಬರಿದಾಗಿದ್ದವು. ಬರ ಬಂದಾಗ ಸಾಹುಕಾರನ ಬಾಗಿಲಲ್ಲಿ ನಿಂತು ಹೊಲ ಒತ್ತೆ ಇಡುವುದೇ ರೈತನ ಪಾಡಾಗಿತ್ತು.

1910ರಲ್ಲಿ ಹಳಕಟ್ಟಿಯವರು ವಿಜಾಪುರದಲ್ಲಿ ಬಿ.ಎಲ್.ಡಿ.ಇ. ಸಂಸ್ಥೆಯ ಸ್ಥಾಪನೆಗೆ ಕಾರಣರಾದರು. ಹಳ್ಳಿಯ ಮಕ್ಕಳಿಗೆ ವಿದ್ಯೆ ದೊರೆಯಬೇಕೆಂಬುದು ಅದರ ಉದ್ದೇಶ. ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆ ಹುಟ್ಟಿದ್ದು ಅದಾದ ಆರು ವರ್ಷಗಳ ಬಳಿಕ, 1916ರಲ್ಲಿ. 1912ರಲ್ಲಿ ಅವರ ಮುಂದಾಳುತನದಲ್ಲಿ ಶ್ರೀ ಸಿದ್ಧೇಶ್ವರ ಬ್ಯಾಂಕು ಆರಂಭವಾಯಿತು. ಸಹಕಾರ ತತ್ತ್ವದ ಮೇಲೆ ಸಣ್ಣ ಜನರಿಗೆ ಸಾಲ ದೊರೆಯುವ ದಾರಿಯಾಯಿತು. ಒಕ್ಕಲಿಗರ, ನೇಕಾರರ ಸಂಘಟನೆಯಲ್ಲಿಯೂ ಅವರು ದುಡಿದರು. 1920ರಲ್ಲಿ ಮುಂಬಯಿ ವಿಧಾನ ಪರಿಷತ್ತಿನ ಸದಸ್ಯರಾದರು. ಶಾಲೆ, ಬ್ಯಾಂಕು, ಪತ್ರಿಕೆ, ಓಲೆ, ಇವೆಲ್ಲವೂ ಅವರಿಗೆ ಒಂದೇ ಪೂಜೆಯ ಅಂಗಗಳು. ತನಗೆ ದೊರೆತುದನ್ನು ತನ್ನಲ್ಲಿಯೇ ಇಟ್ಟುಕೊಳ್ಳದೆ ಸಮಾಜಕ್ಕೆ ಸಲ್ಲಿಸುವುದೇ ದಾಸೋಹ. ಅದು ಅನ್ನವಾಗಿರಬಹುದು, ಅಕ್ಷರವಾಗಿರಬಹುದು.

ನಾವು ಕಂಡಂತೆ ಅವರ ಧೈರ್ಯದ ಗುಟ್ಟೂ ಇಲ್ಲಿಯೇ ಇದೆ. ಕೆಲಸ ತನ್ನದೆಂದು ತಿಳಿದವನಿಗೆ ಸೋಲಿನ ಭಯವಿರುತ್ತದೆ, ಮಾನ ಹೋದೀತೆಂಬ ಚಿಂತೆಯಿರುತ್ತದೆ. ಕೆಲಸ ಶಿವನದು, ತಾನು ಕೈ ಮಾತ್ರ ಎಂದು ನಂಬಿದವನಿಗೆ ಆ ಭಾರ ಇಳಿಯುತ್ತದೆ. ಭಾರ ಇಳಿದ ಕೈಗೆ ಮುಂದಿನ ಕೆಲಸವನ್ನು ಎತ್ತಿಕೊಳ್ಳುವ ಶಕ್ತಿ ಬರುತ್ತದೆ.

ನಾಡು ಗುರುತಿಸಿತು

1926ರಲ್ಲಿ ಬಳ್ಳಾರಿಯಲ್ಲಿ ಸೇರಿದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಹಳಕಟ್ಟಿಯವರು ಅಧ್ಯಕ್ಷರಾದರು. ಮನೆ ಮಾರಿದ ಮರುವರ್ಷವೇ ಬಂದ ಗೌರವವದು. ಬ್ರಿಟಿಷ್ ಸರಕಾರ ರಾವ್ ಬಹಾದ್ದೂರ್ ಬಿರುದು ನೀಡಿತು. ಕನ್ನಡದ ಕಣ್ವರೆನಿಸಿದ ಬಿ.ಎಂ. ಶ್ರೀಕಂಠಯ್ಯನವರು ವಿಜಾಪುರಕ್ಕೆ ಬಂದಾಗ, ಗೋಳಗುಮ್ಮಟವನ್ನು ನೋಡುವ ಮೊದಲು ಈ ಊರಿನ ವಚನಗುಮ್ಮಟವನ್ನು ಕಾಣಬೇಕೆಂದು ಹಳಕಟ್ಟಿಯವರನ್ನು ಅರಸಿ ಹೋದರೆಂಬ ಪ್ರಸಂಗವನ್ನು ನಾಡಿನಲ್ಲಿ ಇಂದಿಗೂ ಹೇಳುತ್ತಾರೆ. 1956ರಲ್ಲಿ, ಕರ್ನಾಟಕ ಒಂದಾದ ವರ್ಷದಲ್ಲಿಯೇ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ಅವರಿಗೆ ಗೌರವ ಡಿ.ಲಿಟ್. ಪದವಿಯನ್ನು ಅರ್ಪಿಸಿತು. ಹುಟ್ಟೂರೇ ಮಗನನ್ನು ಕರೆದು ಸನ್ಮಾನಿಸಿದಂತಾಯಿತು.

ಗೌರವಗಳು ಬಂದವು, ಸಿರಿ ಬರಲಿಲ್ಲ. ಅದನ್ನು ಅವರು ಬಯಸಿದಂತೆಯೂ ತೋರುವುದಿಲ್ಲ. 1964ರ ಜೂನ್ 29ರಂದು, 84 ವರ್ಷ ತುಂಬಲು ಮೂರೇ ದಿನ ಉಳಿದಿರುವಾಗ ವಿಜಾಪುರದಲ್ಲಿ ಅವರು ಲಿಂಗೈಕ್ಯರಾದರು.

ಅವರು ನೆಟ್ಟ ಸಸಿಗಳು ಇಂದು ಹೆಮ್ಮರಗಳಾಗಿವೆ. ಬಿ.ಎಲ್.ಡಿ.ಇ. ಸಂಸ್ಥೆ ವೈದ್ಯಕೀಯ, ಇಂಜಿನಿಯರಿಂಗ್ ವಿದ್ಯಾಲಯಗಳವರೆಗೆ ಬೆಳೆದಿದೆ. ಇಂಜಿನಿಯರಿಂಗ್ ಕಾಲೇಜು ಅವರ ಹೆಸರನ್ನೇ ಹೊತ್ತಿದೆ. ಡಾ. ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಕರ್ನಾಟಕ ಸರಕಾರ ಸಮಗ್ರ ವಚನ ಸಾಹಿತ್ಯವನ್ನು 15 ಸಂಪುಟಗಳಲ್ಲಿ ಹೊರತಂದಾಗ, ಆ ಕಟ್ಟಡದ ಅಡಿಗಲ್ಲು ಹಳಕಟ್ಟಿಯವರ ಓಲೆಕಟ್ಟುಗಳ ಮೇಲೆಯೇ ನಿಂತಿತ್ತು. ಅವರ ಜನ್ಮದಿನವಾದ ಜುಲೈ 2ನ್ನು ಇಂದು ವಚನ ಸಂರಕ್ಷಣೆಯ ದಿನವಾಗಿ ಆಚರಿಸಲಾಗುತ್ತಿದೆ.

ಭಕ್ತರಲ್ಲಿ ನಮ್ಮ ವಿನಂತಿ

ಹಳಕಟ್ಟಿಯವರ ಬದುಕನ್ನು ಕೂಡಿ ನೋಡಿದರೆ ಒಂದು ಸಂಗತಿ ತಿಳಿಯುತ್ತದೆ. ಬನಹಟ್ಟಿಯಲ್ಲಿ ಓಲೆಯನ್ನು ಕೈಗೆತ್ತಿಕೊಂಡ ದಿನ ಅವರಿಗೆ ಮುಂದೆ ಮನೆ ಮಾರಬೇಕಾದೀತೆಂಬುದು ಗೊತ್ತಿರಲಿಲ್ಲ. ಗೊತ್ತಿದ್ದರೆ ಅವರೂ ಅಂಜುತ್ತಿದ್ದರೋ ಏನೋ. ಅಂದು ಬೇಕಾಗಿದ್ದುದು ಆ ಓಲೆಯನ್ನು ಓದುವಷ್ಟು ಧೈರ್ಯ, ಅದು ದೊರೆಯಿತು. ಹಸ್ತಪ್ರತಿ ಹಿಂದಿರುಗಿದಾಗ ಮತ್ತೊಬ್ಬ ಮುದ್ರಕನನ್ನು ಹುಡುಕುವಷ್ಟು ಧೈರ್ಯ ಬೇಕಾಯಿತು, ಅದೂ ದೊರೆಯಿತು. ಮನೆ ಮಾರುವ ಧೈರ್ಯ ಕೊನೆಗೆ ಬಂದುದು, ಹಿಂದಿನ 20 ವರ್ಷಗಳ ಚಿಕ್ಕ ಚಿಕ್ಕ ಹೆಜ್ಜೆಗಳು ಅವರನ್ನು ಅದಕ್ಕೆ ಅಣಿಗೊಳಿಸಿದ್ದರಿಂದ. ಶಿವನು ಬದುಕಿಗೆಲ್ಲ ಸಾಲುವ ಧೈರ್ಯವನ್ನು ಒಂದೇ ದಿನ ಕೊಡುವುದಿಲ್ಲ; ಅಂದಂದಿನ ಕಾಯಕಕ್ಕೆ ಸಾಲುವಷ್ಟನ್ನು ಅಂದಂದಿಗೆ ಕೊಡುತ್ತಾನೆ.

ಆದುದರಿಂದ ಹೊಸ ಸಂಕಷ್ಟದ ಮುಂದೆ ನಿಂತ ಭಕ್ತರು ಇಡೀ ದಾರಿಯನ್ನು ಅಳೆದು ಹೆದರಬಾರದು. ಮಹಾಪೂರ ಇಳಿದ ಹೊಲದಲ್ಲಿ ಇಂದು ಮಾಡಬೇಕಾದ ಕೆಲಸ ಯಾವುದು, ಹೊಸ ಊರಿನಲ್ಲಿ ಇಂದು ಕಲಿಯಬೇಕಾದ ನಾಲ್ಕು ಮಾತು ಯಾವುವು, ಕಾಲೇಜಿನಲ್ಲಿ ಇಂದು ಓದಬೇಕಾದ ಪಾಠ ಯಾವುದು ಎಂದು ಕೇಳಿಕೊಳ್ಳಬೇಕು. ಬೆಳಗಿನ ಇಷ್ಟಲಿಂಗ ಪೂಜೆಯಲ್ಲಿ ಮನಸ್ಸನ್ನು ನಿಲ್ಲಿಸಿ, ಆ ಒಂದು ಕೆಲಸವನ್ನು ಶಿವಾರ್ಪಿತವೆಂದು ಎತ್ತಿಕೊಳ್ಳಬೇಕು. ನಂಬಿಕೆ ಧೈರ್ಯವಾಗುವುದು ಆ ಎತ್ತಿಕೊಳ್ಳುವಿಕೆಯಲ್ಲಿ.

ಇನ್ನೊಂದು ಮಾತು. ನಮ್ಮ ಹಳ್ಳಿಗಳ ಹಳೆಯ ಮನೆಗಳಲ್ಲಿ, ಅಟ್ಟದ ಮೇಲೆ, ಪೆಟ್ಟಿಗೆಯ ತಳದಲ್ಲಿ ಇಂದಿಗೂ ಹಳೆಯ ಓಲೆಗಳು, ಕೈಬರಹದ ಕಾಗದದ ಹೊತ್ತಗೆಗಳು ಇರಬಹುದು. ಅವುಗಳನ್ನು ನದಿಗೆ ಬಿಡದಿರಿ, ರದ್ದಿಗೆ ಹಾಕದಿರಿ. ತೇವ ತಾಗದಂತೆ ಶುಭ್ರವಾದ ಬಟ್ಟೆಯಲ್ಲಿ ಸುತ್ತಿಡಿ, ಬಲ್ಲವರಿಗೆ ತೋರಿಸಿ. ಮನೆಯಲ್ಲಿ ಅಚ್ಚಾದ ವಚನಗ್ರಂಥವಿದ್ದರೆ ಅದನ್ನು ಜಗಲಿಯ ಮೇಲೆ ಇಟ್ಟು ಪೂಜಿಸುವುದರ ಜೊತೆಗೆ ದಿನಕ್ಕೊಂದು ವಚನವನ್ನಾದರೂ ಮಕ್ಕಳೊಡನೆ ಓದಿ, ಅದರ ಅರ್ಥವನ್ನು ಮಾತನಾಡಿ. ತೆರೆಯದ ಪುಸ್ತಕವನ್ನು ತೆರೆಯುವುದಕ್ಕಾಗಿಯೇ ಒಬ್ಬರು ಮನೆಯನ್ನು ತೊರೆದರೆಂಬುದು ಓದುವಾಗ ನೆನಪಿರಲಿ.

ವಚನ ಪಿತಾಮಹರ ನೆನಹು ನಮ್ಮೆಲ್ಲರಿಗೂ ಅಂದಂದಿನ ಕಾಯಕಕ್ಕೆ ಬೇಕಾದ ಧೈರ್ಯವನ್ನು ಕರುಣಿಸಲಿ ಎಂದು ಬಸವಾದಿ ಪ್ರಮಥರಲ್ಲಿ ನಾವು ಪ್ರಾರ್ಥಿಸುತ್ತೇವೆ.